ನಕ್ಷೆಯ ಮೇಜಿನಲ್ಲೇ ತೀರ್ಮಾನವಾಗುವ ಇಂಗಾಲದ ಲೆಕ್ಕ: ಕಾಸರಗೋಡಿನಲ್ಲಿ ಹೊಸದಾಗಿ ಕಟ್ಟುವವರಿಗೆ

ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಿಗೆ ಅಗಲವಾದ ಮೇಲೆ ಅದರ ಇಕ್ಕೆಲಗಳಲ್ಲಿ ಏಳುತ್ತಿರುವ ಅನೇಕ ವಾಣಿಜ್ಯ ಕಟ್ಟಡಗಳಿಗೆ ಒಂದೇ ಮುಖ: ರಸ್ತೆಯ ಕಡೆಗೆ ಬುಡದಿಂದ ತುದಿಯವರೆಗೆ ಗಾಜು, ಗಾಜಿನ ಅಂಚಿಗೆ ಅಲ್ಯೂಮಿನಿಯಂ ಹಲಗೆ, ಪಕ್ಕದ ಗೋಡೆಯಲ್ಲಿ ಸಾಲಾಗಿ ತೂಗುವ ಎಸಿ ಘಟಕಗಳು. ಈ ಹೆದ್ದಾರಿ ಕರಾವಳಿಯ ಗುಂಟ ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿ ಸಾಗುವುದರಿಂದ ರಸ್ತೆಗೆ ಮುಖ ಮಾಡಿದ ಕಟ್ಟಡ ಒಂದೋ ಪೂರ್ವಕ್ಕೆ ಮುಖ ಮಾಡುತ್ತದೆ, ಇಲ್ಲವೇ ಪಶ್ಚಿಮಕ್ಕೆ. ಬಿಸಿಲಿನ ದೃಷ್ಟಿಯಿಂದ ಗಾಜಿಡಬಾರದ ದಿಕ್ಕುಗಳೂ ಇವೇ ಎರಡು. ಇಲ್ಲಿಯವರೆಗೆ ಇದರ ದಂಡವನ್ನು ಅಂಗಡಿಯವರು ವಿದ್ಯುತ್ ಬಿಲ್ಲಿನ ರೂಪದಲ್ಲಿ ತೆತ್ತು ಸುಮ್ಮನಾಗುತ್ತಿದ್ದರು. ಆದರೆ ಕಟ್ಟಡಗಳ ಶಕ್ತಿ ಬಳಕೆಗೆ ಸಂಬಂಧಿಸಿದ ನಿಯಮಗಳು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿರುವ ಕಾರಣ, ಇನ್ನು ಮುಂದೆ ಇದು ಬಿಲ್ಲಿನ ಪ್ರಶ್ನೆಯಾಗಿ ಮಾತ್ರ ಉಳಿಯದೆ ನಕ್ಷೆಗೆ ಅನುಮತಿ ಸಿಗುವ ಪ್ರಶ್ನೆಯೂ ಆಗಲಿದೆ.

ಈ ನಿಯಮಗಳ ಬಗ್ಗೆ ಕಾಸರಗೋಡಿನ ಕನ್ನಡಿಗರಿಗೆ ಸಿಗುವ ಮಾಹಿತಿ ಹೆಚ್ಚಾಗಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಹಾಗಾಗಿ ಮಂಜೇಶ್ವರ, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮನೆಯನ್ನೋ ವಾಣಿಜ್ಯ ಸಂಕೀರ್ಣವನ್ನೋ ಕಟ್ಟಿಸಲು ಹೊರಟವರಿಗೆ ನಿಯಮದ ಹಿಂದಿರುವ ಗಣಿತ ಏನು, ಅದಕ್ಕೆ ನಕ್ಷೆಯನ್ನು ಹೇಗೆ ಸಿದ್ಧಗೊಳಿಸಬೇಕು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಉಪಯುಕ್ತ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಗಿಯಾದ ನಿಯಮವನ್ನು ಅತಿ ಕಡಿಮೆ ಖರ್ಚಿನಲ್ಲಿ ಪಾಲಿಸುವ ಅವಕಾಶ ಇರುವುದು ಮೊದಲ ಕರಡು ನಕ್ಷೆಯಲ್ಲಿ ಮಾತ್ರ. ಅಡಿಪಾಯ ಬಿದ್ದ ಮೇಲೆ ಅದೇ ಫಲಿತಾಂಶವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆ, ಕೆಲವೊಮ್ಮೆ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಿಯಮಗಳು ಎಲ್ಲಿಂದ ಬಂದವು

ಎಲ್ಲದರ ಮೂಲ 2001ರ ಇಂಧನ ಸಂರಕ್ಷಣಾ ಕಾಯಿದೆ. ಇದರ ಅಡಿಯಲ್ಲಿ ಕೇಂದ್ರದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಎಸಿ ಮತ್ತು ಫ್ರಿಜ್ಜುಗಳ ಮೇಲೆ ನಾವು ನೋಡುವ ನಕ್ಷತ್ರದ ಚೀಟಿಯನ್ನು ಕೊಡುವ ಸಂಸ್ಥೆ, 2007ರಲ್ಲಿ ವಾಣಿಜ್ಯ ಕಟ್ಟಡಗಳಿಗಾಗಿ ಇಸಿಬಿಸಿ (ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ) ಎಂಬ ಸಂಹಿತೆಯನ್ನು ಹೊರತಂದು 2017ರಲ್ಲಿ ಅದನ್ನು ಬಿಗಿಗೊಳಿಸಿತು. ವಾಸದ ಕಟ್ಟಡಗಳಿಗೆ 2018ರ ಡಿಸೆಂಬರಿನಲ್ಲಿ ‘ಇಕೋ ನಿವಾಸ್ ಸಂಹಿತೆ’ಯ ಮೊದಲ ಭಾಗ ಬಂತು; ಅದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿ ಕಟ್ಟುವ ವಸತಿಗಳನ್ನು ಉದ್ದೇಶಿಸಿದ್ದು. 2022ರ ತಿದ್ದುಪಡಿ ಕಾಯಿದೆ, 2023ರ ಜನವರಿ 1ರಿಂದ ಜಾರಿಗೆ ಬಂದದ್ದು, ಎರಡು ದೊಡ್ಡ ಬದಲಾವಣೆಗಳನ್ನು ತಂದಿತು. ಒಂದನೆಯದಾಗಿ, ವಸತಿ ಕಟ್ಟಡಗಳೂ ಕಾಯಿದೆಯ ವ್ಯಾಪ್ತಿಗೆ ಬಂದವು. ಎರಡನೆಯದಾಗಿ, ವಿದ್ಯುತ್ ಉಳಿತಾಯದ ಜೊತೆಗೆ ‘ಸುಸ್ಥಿರತೆ’ಯೂ ಸಂಹಿತೆಯ ಹೆಸರಿನಲ್ಲೇ ಸೇರಿಕೊಂಡಿತು. ಅದರಂತೆ 2024ರಲ್ಲಿ ಇಂಧನ ಸಂರಕ್ಷಣೆ ಮತ್ತು ಸುಸ್ಥಿರ ಕಟ್ಟಡ ಸಂಹಿತೆಯೂ ಪರಿಷ್ಕೃತ ಇಕೋ ನಿವಾಸ್ ಸಂಹಿತೆಯೂ ಪ್ರಕಟವಾದವು.

ಕಾಯಿದೆ ಮುಖ್ಯವಾಗಿ ಹಿಡಿಯುವುದು 100 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಂಪರ್ಕಿತ ಹೊರೆ (ಎಲ್ಲ ಉಪಕರಣಗಳ ಒಟ್ಟು ಸಾಮರ್ಥ್ಯ), ಇಲ್ಲವೇ 120 ಕೆವಿಎ ಗುತ್ತಿಗೆ ಬೇಡಿಕೆ (ವಿದ್ಯುತ್ ಸಂಸ್ಥೆಯೊಂದಿಗೆ ಒಪ್ಪಿಕೊಂಡ ಗರಿಷ್ಠ ಬೇಡಿಕೆ) ಇರುವ ಕಟ್ಟಡಗಳನ್ನು. ಒಂದು ಫ್ಲಾಟಿಗೆ 5 ಕಿಲೋವಾಟ್ ಎಂದು ಹಿಡಿದರೆ 20 ಫ್ಲಾಟುಗಳ ಕಟ್ಟಡ ಈ ಗೆರೆಯನ್ನು ಮುಟ್ಟುತ್ತದೆ. ಎಸಿ ಇರುವ ಕಲ್ಯಾಣಮಂಟಪ, ಖಾಸಗಿ ಆಸ್ಪತ್ರೆ, ಜವಳಿ ಮಳಿಗೆಗಳಂತೂ ಸುಲಭವಾಗಿ ದಾಟುತ್ತವೆ. ಈ ಮಿತಿಯನ್ನು ಇನ್ನೂ ಕೆಳಗಿಳಿಸುವ ಅಧಿಕಾರ ರಾಜ್ಯ ಸರಕಾರಗಳಿಗಿದೆ. ಸಂಹಿತೆಯನ್ನು ಸ್ಥಳೀಯ ಹವಾಮಾನಕ್ಕೆ ಹೊಂದಿಸಿ ಅಧಿಸೂಚನೆ ಹೊರಡಿಸಿ ಕಟ್ಟಡ ನಿಯಮಗಳೊಂದಿಗೆ ಜೋಡಿಸುವ ಹೊಣೆಯೂ ರಾಜ್ಯಗಳದ್ದೇ. ಕೇರಳದಲ್ಲಿ ಶಕ್ತಿ ಸಂರಕ್ಷಣೆಯ ಕೆಲಸವನ್ನು ನೋಡಿಕೊಳ್ಳುವುದು ತಿರುವನಂತಪುರದ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್. ನಕ್ಷೆಗೆ ಅನುಮತಿ ಕೊಡುವುದು ಮಾತ್ರ ಎಂದಿನಂತೆ ಪಂಚಾಯತು ಅಥವಾ ನಗರಸಭೆ.

ದಿಕ್ಕು ಯಾವ ಕಡೆಗೆಂಬುದು ಹೊರದೇಶಗಳನ್ನು ನೋಡಿದರೆ ತಿಳಿಯುತ್ತದೆ. ಡೆನ್ಮಾರ್ಕ್ 2023ರಿಂದ ದೊಡ್ಡ ಹೊಸ ಕಟ್ಟಡಗಳಿಗೆ, ಕಟ್ಟುವ ಸಾಮಗ್ರಿಯ ಇಂಗಾಲವನ್ನೂ ಸೇರಿಸಿ, ಚದರ ಮೀಟರಿಗೆ ಇಂತಿಷ್ಟೇ ಎಂಬ ಮಿತಿ ಹಾಕಿದೆ. ಯುರೋಪಿಯನ್ ಒಕ್ಕೂಟ 2024ರ ನಿರ್ದೇಶನದಲ್ಲಿ 2030ರಿಂದ ಎಲ್ಲ ಹೊಸ ಕಟ್ಟಡಗಳೂ ಶೂನ್ಯ ಹೊರಸೂಸುವಿಕೆಯ ಮಟ್ಟಕ್ಕೆ ಬರಬೇಕೆಂದು ಹೇಳಿದೆ. ನಮ್ಮ ದೇಶ 2070ಕ್ಕೆ ನಿವ್ವಳ ಶೂನ್ಯದ ಗುರಿ ಇಟ್ಟುಕೊಂಡಿದೆ. ಇಂದು ಕಟ್ಟಿದ ಕಟ್ಟಡಗಳಲ್ಲಿ ಹಲವು 2070ರಲ್ಲೂ ನಿಂತಿರುತ್ತವೆ ಎಂಬುದನ್ನು ಗಮನಿಸಿದರೆ, ಈ ಗುರಿ ನಮಗೆಷ್ಟು ಹತ್ತಿರದ್ದು ಎಂಬುದು ಅರ್ಥವಾಗುತ್ತದೆ.

ಒಂದು ಲೆಕ್ಕ, ನಾಲ್ಕು ಉತ್ತರ

ಸಂಹಿತೆಗಳ ಭಾಷೆಯಲ್ಲಿ ಮೂರು ಅಳತೆಗಳು ಪದೇಪದೇ ಬರುತ್ತವೆ. ಯು-ಮೌಲ್ಯ ಎಂದರೆ ಗೋಡೆಯ ಅಥವಾ ಮಾಡಿನ ಎರಡು ಬದಿಗಳಲ್ಲಿ 1 ಡಿಗ್ರಿ ಉಷ್ಣಾಂಶದ ವ್ಯತ್ಯಾಸವಿದ್ದಾಗ ಅದರ 1 ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದು, ಕಡಿಮೆಯಿದ್ದಷ್ಟು ಒಳ್ಳೆಯದು. ಎಸ್‌ಎಚ್‌ಜಿಸಿ ಎಂದರೆ ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಗೆ ಬರುವ ಪಾಲು. ಸಾಮಾನ್ಯ ಪಾರದರ್ಶಕ ಗಾಜಿಗೆ ಇದು ಸುಮಾರು 0.82, ಅಂದರೆ ನೂರಕ್ಕೆ ಎಂಬತ್ತೆರಡು ಪಾಲು ಒಳಗೇ ಬರುತ್ತದೆ. ಮೂರನೆಯದಾದ ಆರ್‌ಇಟಿವಿ ವಸತಿ ಕಟ್ಟಡಗಳಿಗೆ ಸಂಬಂಧಿಸಿದ್ದು. ಮಾಡನ್ನು ಬಿಟ್ಟು ಉಳಿದ ಹೊರಮೈಯಿಂದ ಒಳಗೆ ಬರುವ ಸರಾಸರಿ ಶಾಖವನ್ನು ಅದು ಪ್ರತಿ ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಹೇಳುತ್ತದೆ. 2018ರ ಸಂಹಿತೆ ಇದಕ್ಕೆ ಇಟ್ಟ ಗರಿಷ್ಠ ಮಿತಿ 15. ಮುಂದೆ ಅದನ್ನು 12ಕ್ಕೆ ಇಳಿಸುವ ಇಂಗಿತವನ್ನೂ ಅದೇ ದಾಖಲೆ ನೀಡಿತ್ತು.

ಆರ್‌ಇಟಿವಿಯ ಸೂತ್ರ ಮೂರು ತುಂಡುಗಳ ಮೊತ್ತ: ಗೋಡೆಯ ಮೂಲಕ ದಾಟುವ ಶಾಖ, ಗಾಜಿನ ಮೂಲಕ ದಾಟುವ ಶಾಖ, ಗಾಜಿನ ಮೂಲಕ ನೇರವಾಗಿ ನುಗ್ಗುವ ಬಿಸಿಲು. ಕಾಸರಗೋಡು ಸೇರುವ ಬಿಸಿ–ತೇವದ ಹವಾಮಾನ ವಲಯದಲ್ಲಿ ಈ ಮೂರಕ್ಕೆ ಕೊಟ್ಟ ಗುಣಕಗಳು ಕ್ರಮವಾಗಿ 5.15, 1.31 ಮತ್ತು 65.21. ಗಾಜಿನ ದಪ್ಪವನ್ನು ಹೆಚ್ಚಿಸುವುದರಿಂದ ಸಿಗುವ ಲಾಭ ಅತ್ಯಲ್ಪ, ಗಾಜಿನ ಮೇಲೆ ಬಿಸಿಲು ಬೀಳದಂತೆ ತಡೆಯುವುದರಿಂದ ಸಿಗುವ ಲಾಭ ಅಪಾರ ಎಂಬುದನ್ನು ಈ ಸಂಖ್ಯೆಗಳೇ ಹೇಳುತ್ತವೆ. ಇದರ ಮೇಲೆ ಪ್ರತಿ ದಿಕ್ಕಿಗೂ ಒಂದು ತೂಕವಿದೆ. ನಮ್ಮ ಅಕ್ಷಾಂಶದಲ್ಲಿ ಉತ್ತರಕ್ಕೆ 0.659, ದಕ್ಷಿಣಕ್ಕೆ 0.966, ಪೂರ್ವಕ್ಕೆ 1.155, ಪಶ್ಚಿಮಕ್ಕೆ 1.156.

ಈಗ ಒಂದು ಕಲ್ಪಿತ ಕಟ್ಟಡವನ್ನು ತೆಗೆದುಕೊಳ್ಳೋಣ. ಅದರ ಹೊರಗೋಡೆಗಳ ಒಟ್ಟು ವಿಸ್ತೀರ್ಣ 1,000 ಚದರ ಮೀಟರ್. ಉದ್ದದ ಎರಡು ಬದಿಗಳು ತಲಾ 400, ಕಿರಿದಾದ ಎರಡು ಬದಿಗಳು ತಲಾ 100. ಉದ್ದದ ಬದಿಗಳಲ್ಲಿ ಮಾತ್ರ ತಲಾ 100 ಚದರ ಮೀಟರ್ ಕಿಟಕಿ. ಗೋಡೆ ನಮ್ಮೂರಿನ ಮುರಕಲ್ಲಿನದ್ದು. ಅದರ ಯು-ಮೌಲ್ಯ ಕಲ್ಲಿನ ಸಾಂದ್ರತೆ, ಸಾರಣೆ, ತೇವಾಂಶಗಳನ್ನು ಅವಲಂಬಿಸಿ ಬದಲಾಗುವುದಾದರೂ ಲೆಕ್ಕದ ಅನುಕೂಲಕ್ಕೆ 2 ಎಂದು ಇಟ್ಟುಕೊಳ್ಳೋಣ. ಕಿಟಕಿಗೆ ಸಾಮಾನ್ಯ ಗಾಜು, ಯು-ಮೌಲ್ಯ 5.8.

ಉದ್ದದ ಬದಿಗಳು ಪೂರ್ವ–ಪಶ್ಚಿಮಕ್ಕೆ ಮುಖ ಮಾಡಿ, ಸಜ್ಜಾ ಇಲ್ಲದೆ ಕಿಟಕಿ ಇಟ್ಟರೆ ಆರ್‌ಇಟಿವಿ ಸುಮಾರು 22.9 ಬರುತ್ತದೆ, ಅಂದರೆ ಮಿತಿಗಿಂತ ಅರ್ಧದಷ್ಟು ಹೆಚ್ಚು. ಅದೇ ಕಟ್ಟಡವನ್ನು ತಿರುಗಿಸಿ ಉದ್ದದ ಬದಿಗಳನ್ನು ಉತ್ತರ–ದಕ್ಷಿಣಕ್ಕೆ ಇಟ್ಟರೆ 17.3. ಪೂರ್ವ–ಪಶ್ಚಿಮದ ಕಟ್ಟಡಕ್ಕೆ ಗಾಜಿನ ಪರಿಣಾಮಕಾರಿ ಎಸ್‌ಎಚ್‌ಜಿಸಿ 0.53ಕ್ಕೆ ಇಳಿಯುವಷ್ಟು ನೆರಳು ಕೊಟ್ಟರೆ 18.6. ಎರಡನ್ನೂ ಒಟ್ಟಿಗೆ ಮಾಡಿದರೆ, ಅಂದರೆ ದಿಕ್ಕನ್ನೂ ಸರಿಪಡಿಸಿ ನೆರಳನ್ನೂ ಕೊಟ್ಟರೆ, 14.3. ಮುರಕಲ್ಲು ಅದೇ, ಗಾಜು ಅದೇ, ಕಿಟಕಿಯ ವಿಸ್ತೀರ್ಣವೂ ಅದೇ. ಆದರೂ ಕಟ್ಟಡ ಪಾಸಾಯಿತು.

ದಿಕ್ಕನ್ನು ಬದಲಿಸಲಾಗದ ನಿವೇಶನದಲ್ಲಿ ಗೋಡೆಯನ್ನು ಮುರಕಲ್ಲಿನ ಬದಲು 0.75 ಯು-ಮೌಲ್ಯದ ಹಗುರ ಎಎಸಿ ಬ್ಲಾಕುಗಳಿಂದ (ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟ್ ಇಟ್ಟಿಗೆಗಳು) ಕಟ್ಟಿ, ನೆರಳನ್ನೂ ಕೊಟ್ಟರೆ ಸುಮಾರು 13ಕ್ಕೆ ಬರಬಹುದು. ಆದರೆ ಮಿತಿ 12ಕ್ಕೆ ಇಳಿದ ದಿನ ಆ ಕಟ್ಟಡ ಮತ್ತೆ ಹೊರಗೆ. ಉತ್ತರ–ದಕ್ಷಿಣದ ಕಟ್ಟಡ 12ನ್ನು ತಲುಪಲು ಗೋಡೆಯ ಯು-ಮೌಲ್ಯ 1.4ಕ್ಕೆ ಇಳಿದರೆ ಸಾಕು, ಇದಕ್ಕೆ ಮುರಕಲ್ಲಿನ ಗೋಡೆಗೆ ತೆಳುವಾದ ನಿರೋಧಕ ಪದರವನ್ನು ಸೇರಿಸಿದರೆ ಆಗುತ್ತದೆ. ಪೂರ್ವ–ಪಶ್ಚಿಮದ ಕಟ್ಟಡಕ್ಕೆ ಬೇಕಾಗುವುದು 0.5, ಬರೀ ಎಎಸಿ ಬ್ಲಾಕು ಅಷ್ಟು ಕೊಡಲಾರದು. ನಿಯಮ ಬಿಗಿಯಾದಷ್ಟೂ ಕೆಟ್ಟ ದಿಕ್ಕಿನ ಬೆಲೆ ಏರುತ್ತಾ ಹೋಗುತ್ತದೆ.

ವಾಣಿಜ್ಯ ಕಟ್ಟಡಗಳಿಗೆ ಲೆಕ್ಕ ಇನ್ನೂ ಕಠಿಣ. 2017ರ ಇಸಿಬಿಸಿಯ ನೇರ ದಾರಿಯಲ್ಲಿ ಹೋದರೆ ಗೋಡೆಯಲ್ಲಿ ಗಾಜಿನ ಪಾಲು ಶೇ. 40 ಮೀರುವಂತಿಲ್ಲ, ಗಾಜಿನ ಎಸ್‌ಎಚ್‌ಜಿಸಿ 0.27ಕ್ಕಿಂತ ಹೆಚ್ಚಿರುವಂತಿಲ್ಲ, ಮಾಡಿನ ಯು-ಮೌಲ್ಯ ಹೆಚ್ಚೆಂದರೆ 0.33. ಒಂದು ಕಡೆ ತಪ್ಪಿದ್ದನ್ನು ಇನ್ನೊಂದು ಕಡೆ ಸರಿದೂಗಿಸುವ ದಾರಿಯೂ, ಇಡೀ ಕಟ್ಟಡದ ವಾರ್ಷಿಕ ಬಳಕೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ತೋರಿಸುವ ದಾರಿಯೂ ಉಂಟು. ಆದರೆ ಗಾಜಿನ ಮುಖದ ಕಟ್ಟಡಕ್ಕೆ ಈ ದಾರಿಗಳು ಅಗ್ಗವಲ್ಲ. ಇಲ್ಲಿ ನಮಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ: 15 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರದ ಊರುಗಳಲ್ಲಿ ಉತ್ತರ ಮುಖದ ಗಾಜಿನ ಈ ಮಿತಿಗೆ 0.50ರವರೆಗೆ ಹೋಗುವ ರಿಯಾಯಿತಿ ಇದೆ, ಅದಕ್ಕಿಂತ ದಕ್ಷಿಣದ ಊರುಗಳಿಗೆ ಇಲ್ಲ. ಕಾಸರಗೋಡು ಇರುವುದು 12.5 ಡಿಗ್ರಿಯಲ್ಲಿ.

ಸೂರ್ಯ ಮತ್ತು ಸಮುದ್ರ

ಆ ರಿಯಾಯಿತಿ ನಮಗೇಕೆ ಇಲ್ಲ ಎಂಬುದಕ್ಕೆ ಕಾರಣ ಆಕಾಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಕಾಸರಗೋಡಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಇದರಲ್ಲಿ ಜೂನ್‌ನಿಂದಾಚೆಗೆ ಮಳೆಗಾಲದ ಮೋಡವೇ ಪರದೆಯಾಗುತ್ತದೆ ಎಂಬುದು ನಿಜ, ಆದರೆ ಸೆಖೆ ತಾಳಲಾಗದ ಮೇ ತಿಂಗಳು ಅದಕ್ಕೂ ಮುಂಚಿನದು. ಹಾಗಾಗಿ ಉತ್ತರದ ಕಿಟಕಿಗೆ ಸಜ್ಜಾ ಬೇಡ ಎಂಬ ಮಾತು ದೆಹಲಿಯಲ್ಲಿ ಸಲ್ಲಬಹುದು, ಇಲ್ಲಿ ಸಲ್ಲದು.

ದಕ್ಷಿಣದ ಗೋಡೆ ಸುಲಭ. ಡಿಸೆಂಬರ್ 21ರ ಆಸುಪಾಸು ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುವುದರಿಂದ 60 ಸೆಂಟಿಮೀಟರ್ ಚಾಚಿದ ಸಜ್ಜಾ ತನ್ನ ಕೆಳಗೆ ಸುಮಾರು 82 ಸೆಂಟಿಮೀಟರಿನಷ್ಟು ನೆರಳು ಕೊಡುತ್ತದೆ. ಪಶ್ಚಿಮದ ಗೋಡೆಯ ಕಥೆ ಬೇರೆ. ಮಾರ್ಚ್ ಮೂರನೆಯ ವಾರದಲ್ಲಿ ಸಂಜೆ 5 ಗಂಟೆಯ ಹೊತ್ತಿಗೆ ಸೂರ್ಯ ಎಷ್ಟು ಕೆಳಗಿಳಿದಿರುತ್ತಾನೆಂದರೆ, ಅದೇ 60 ಸೆಂಟಿಮೀಟರಿನ ಸಜ್ಜಾ ಕೊಡುವ ನೆರಳು 30 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಮೇಲಿನ ಲೆಕ್ಕದಲ್ಲಿ ನಾನು ಎರಡೂ ದಿಕ್ಕುಗಳಿಗೆ ಒಂದೇ 0.53ನ್ನು ಹಿಡಿದದ್ದು ಪೂರ್ವ–ಪಶ್ಚಿಮದ ಕಟ್ಟಡಕ್ಕೆ ತೋರಿಸಿದ ಔದಾರ್ಯ. ವಾಸ್ತವದಲ್ಲಿ ಅಲ್ಲಿ ಅಷ್ಟು ನೆರಳು ಗಳಿಸಲು ಬರೀ ಸಜ್ಜಾ ಸಾಲದು, ಲಂಬವಾದ ತಡೆಗಳೋ ಜಾಲಂಧ್ರವೋ ಆಳವಾದ ಜಗಲಿಯೋ ಬೇಕು.

ಕರಾವಳಿಯಲ್ಲಿ ಕಟ್ಟುವವನಿಗೆ ಎದುರಾಗುವ ನಿಜವಾದ ಇಕ್ಕಟ್ಟು ಇಲ್ಲೇ ಇರುವುದು. ಬೇಸಿಗೆಯ ಮಧ್ಯಾಹ್ನ ಕಡಲ ಗಾಳಿ ಬೀಸುವುದು ಪಶ್ಚಿಮದಿಂದ, ಸುಡುವ ಬಿಸಿಲು ಬರುವುದೂ ಪಶ್ಚಿಮದಿಂದ. ಗೋಡೆ ಮುಚ್ಚಿದರೆ ಗಾಳಿಯೂ ನಿಲ್ಲುತ್ತದೆ, ತೆರೆದರೆ ಬಿಸಿಲೂ ಬರುತ್ತದೆ. ಬಿಸಿ–ತೇವದ ವಲಯದಲ್ಲಿ ಗಾಳಿಯನ್ನು ಬಿಟ್ಟುಕೊಡುವಂತಿಲ್ಲ. ಹಗಲಿಗೂ ರಾತ್ರಿಗೂ ಉಷ್ಣಾಂಶದಲ್ಲಿ ದೊಡ್ಡ ಅಂತರವಿಲ್ಲದ ಕಾರಣ, ಬಳ್ಳಾರಿ ಅಥವಾ ವಿಜಯಪುರದ ದಪ್ಪ ಗೋಡೆಯ ಮನೆಗಳಂತೆ ರಾತ್ರಿಯ ತಂಪನ್ನು ಗೋಡೆಯಲ್ಲಿ ಕೂಡಿಟ್ಟು ಹಗಲು ಬಳಸುವ ಉಪಾಯ ಇಲ್ಲಿ ಅಷ್ಟಾಗಿ ಫಲಿಸುವುದಿಲ್ಲ. ಮೈಮೇಲಿನ ಬೆವರು ಆರಬೇಕಾದರೆ ಗಾಳಿ ಓಡಾಡಲೇಬೇಕು. ಹಳೆಯ ಮನೆಗಳು ಇದಕ್ಕೆ ಕಂಡುಕೊಂಡ ಉತ್ತರ ತಗ್ಗಿದ ಸೂರು ಮತ್ತು ಆಳವಾದ ಜಗಲಿ: ಗಾಳಿ ಸೂರಿನ ಕೆಳಗಿಂದ ನುಸುಳುತ್ತದೆ, ಬಿಸಿಲು ಜಗಲಿಯ ನೆಲದಲ್ಲೇ ನಿಲ್ಲುತ್ತದೆ. ಇದನ್ನು ಹಳೆಯದರ ಮೇಲಿನ ಮೋಹದಿಂದ ಹೇಳುತ್ತಿಲ್ಲ. ಆ ಮನೆಗಳ ಒಳಕೋಣೆಗಳು ಕತ್ತಲಾಗಿದ್ದವು, ಅಡುಗೆಮನೆಯಲ್ಲಿ ಹೊಗೆ ತುಂಬಿರುತ್ತಿತ್ತು. ಅದರ ಜ್ಯಾಮಿತಿಯನ್ನು ಮಾತ್ರ ಎತ್ತಿಕೊಂಡು, ಪಶ್ಚಿಮದ ಬದಿಗೆ ಮೆಟ್ಟಿಲು, ಶೌಚಾಲಯ, ಉಗ್ರಾಣಗಳನ್ನು ಸರಿಸಿ, ಉಳಿದ ಕಡೆ ನೆರಳಿನೊಳಗೆ ತೆರೆಯುವ ಕಿಟಕಿಗಳನ್ನಿಟ್ಟರೆ ಇಕ್ಕಟ್ಟು ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ. ಒಣ ತಿಂಗಳುಗಳಲ್ಲಿ ರಾತ್ರಿ ಗಾಳಿ ತಿರುಗಿ ಘಟ್ಟದ ಕಡೆಯಿಂದ ಬರುವುದರಿಂದ ಮಲಗುವ ಕೋಣೆಗೆ ಪೂರ್ವದಲ್ಲೊಂದು ತೆರಪು ಇದ್ದರೆ ಒಳ್ಳೆಯದು.

ಗಾಳಿಯ ವಿಷಯದಲ್ಲಿ ಸಂಹಿತೆಗೂ ಒಂದು ಬೇಡಿಕೆಯಿದೆ. ಬಿಸಿ–ತೇವದ ವಲಯದಲ್ಲಿ ತೆರೆಯಬಹುದಾದ ಕಿಟಕಿ–ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇ. 16.66, ಅಂದರೆ ಆರನೆಯ ಒಂದು ಭಾಗ ಇರಬೇಕು. ಇಲ್ಲಿ ‘ತೆರೆಯಬಹುದಾದ’ ಎಂಬುದನ್ನು ಬಹಳ ಮಂದಿ ಓದದೇ ದಾಟುತ್ತಾರೆ. ಕೀಲಿನ ಮೇಲೆ ಹೊರಕ್ಕೆ ತೆರೆಯುವ ಕಿಟಕಿಗೆ ಶೇ. 90ರಷ್ಟು ಲೆಕ್ಕ ಸಿಕ್ಕಿದರೆ, ಈಗ ಎಲ್ಲೆಡೆ ಹಾಕುವ ಎರಡು ಗಾಜಿನ ಸರಿಯುವ ಕಿಟಕಿಗೆ ಸಿಗುವುದು ಶೇ. 50 ಮಾತ್ರ, ಏಕೆಂದರೆ ಎಷ್ಟು ಸರಿಸಿದರೂ ಅರ್ಧ ಮುಚ್ಚಿಯೇ ಇರುತ್ತದೆ. 100 ಚದರ ಮೀಟರಿನ ಫ್ಲಾಟಿಗೆ ಮೊದಲ ಬಗೆಯಲ್ಲಿ 18.5 ಚದರ ಮೀಟರ್ ಕಿಟಕಿ–ಬಾಗಿಲು ಸಾಕು, ಎರಡನೆಯ ಬಗೆಯಲ್ಲಿ 33ಕ್ಕಿಂತ ಹೆಚ್ಚು ಬೇಕು. ಹೆಚ್ಚು ಕಿಟಕಿ ಎಂದರೆ ಹೆಚ್ಚು ಗಾಜು, ಹೆಚ್ಚು ಗಾಜು ಎಂದರೆ ಹೆಚ್ಚಿದ ಆರ್‌ಇಟಿವಿ. ಅಂಗಡಿಯಲ್ಲಿ ಕಿಟಕಿಯ ಮಾದರಿ ಆರಿಸುವಾಗ ಇದನ್ನು ಯಾರೂ ಹೇಳುವುದಿಲ್ಲ.

ತಲೆಯ ಮೇಲಿನ ಕಾಂಕ್ರೀಟು

ಸಮಭಾಜಕಕ್ಕೆ ಇಷ್ಟು ಹತ್ತಿರದ ಊರಿನಲ್ಲಿ ಅತಿ ಹೆಚ್ಚು ಬಿಸಿಲನ್ನು ಹೀರುವುದು ಮಾಡು. ಬರೀ ಕಾಂಕ್ರೀಟ್ ತಾರಸಿಯ ಯು-ಮೌಲ್ಯ 3ಕ್ಕಿಂತ ಹೆಚ್ಚು. ವಸತಿಗೆ ಇಟ್ಟ ಮಿತಿ 1.2. ಅಂತರ ದೊಡ್ಡದಾಗಿ ಕಂಡರೂ ಪರಿಹಾರ ದುಬಾರಿಯಲ್ಲ. 0.034ರಷ್ಟು ಶಾಖವಾಹಕತೆಯ, ನೊರೆ ಪ್ಲಾಸ್ಟಿಕ್ಕಿನ ಎಕ್ಸ್‌ಪಿಎಸ್ ಹಲಗೆಯನ್ನು ಬರೀ 25 ಮಿಲಿಮೀಟರ್ ದಪ್ಪಕ್ಕೆ ತಾರಸಿಯ ಮೇಲೆ ಹಾಸಿ, ಮೇಲೆ ಗಾರೆ ಅಥವಾ ಹೆಂಚು ಹಾಕಿದರೆ ಯು-ಮೌಲ್ಯ 1ರ ಸುತ್ತಮುತ್ತ ಬರುತ್ತದೆ. ವಾಣಿಜ್ಯದ 0.33ನ್ನು ಮುಟ್ಟಲು 9ರಿಂದ 10 ಸೆಂಟಿಮೀಟರ್ ಬೇಕು. ಎರಡಕ್ಕೂ ನಡುವಿನ 5 ಸೆಂಟಿಮೀಟರನ್ನು ಮನೆಗೂ ಈಗಲೇ ಹಾಕಿಬಿಡುವುದು ಜಾಣತನ ಎಂಬುದು ನನ್ನ ಎಣಿಕೆ, ಏಕೆಂದರೆ ಕೂಲಿ ಎರಡಕ್ಕೂ ಒಂದೇ, ಆಮೇಲೆ ಮಾಡನ್ನು ಅಗೆದು ಹಾಕುವವರು ಯಾರೂ ಇಲ್ಲ.

ನಮ್ಮಲ್ಲಿ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹಾಕುವ ರೂಢಿ ಇದೆ. ಸೋರಿಕೆಗೆ ಹೆದರಿ, ಅಡಿಕೆ ಒಣಗಿಸಲು, ಬಟ್ಟೆ ಹರವಲು ಎಂದು ಅದನ್ನು ಹಾಕಿದರೂ, ಬದಿಗಳು ತೆರೆದಿದ್ದರೆ ಕಾಂಕ್ರೀಟಿಗೆ ಬಿಸಿಲು ತಾಗದಂತೆ ತಡೆಯುವ ಒಳ್ಳೆಯ ಕೊಡೆಯಾಗಿಯೂ ಅದು ಕೆಲಸ ಮಾಡುತ್ತದೆ. ಆದರೆ ನಕ್ಷೆಯಲ್ಲಿ ತೋರಿಸದೆ ಆಮೇಲೆ ಸೇರಿಸಿದ ಶೀಟು ಲೆಕ್ಕಕ್ಕೆ ಬರುವುದಿಲ್ಲ, ಕಟ್ಟಡ ನಿಯಮದ ತಕರಾರಿಗೂ ಕಾರಣವಾಗಬಹುದು. ಮಾಡಿಗೆ ಬಿಳಿ ಪ್ರತಿಫಲಕ ಬಣ್ಣ ಬಳಿಯುವ ಸಲಹೆಯನ್ನೂ ಬಹಳ ಮಂದಿ ಕೊಡುತ್ತಾರೆ. ಒಣ ನಾಡಿನಲ್ಲಿ ಅದು ಸೊಗಸಾದ ಉಪಾಯ. 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕಡೆ ಒಂದೇ ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪಾಗುವುದರಿಂದ, ವರ್ಷವರ್ಷವೂ ತೊಳೆದು ಬಳಿಯುವ ಮನಸ್ಸಿದ್ದವರು ಮಾತ್ರ ಅದನ್ನು ನಂಬಬಹುದು.

ಸೌರ ಫಲಕ ಹಾಕಿದರೆ ಸಾಲದೇ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಮನೆಯ ಮಾಡಿನ ಸೌರ ಫಲಕಕ್ಕೆ ನೆರವು ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್ ಮತ್ತು ಅದಕ್ಕೂ ದೊಡ್ಡ ಘಟಕಕ್ಕೆ 78,000 ರೂಪಾಯಿ ಸಹಾಯಧನ ಸಿಗುವುದರಿಂದ ಆಸಕ್ತಿ ಸಹಜ, ಹಾಕುವುದೂ ಒಳ್ಳೆಯದೇ. ಆದರೆ ಫಲಕ ಉತ್ಪಾದಿಸುವುದು ಹಗಲು, ಮನೆಯ ಎಸಿ ಓಡುವುದು ರಾತ್ರಿ. 2024ರ ಬೇಸಿಗೆಯಲ್ಲಿ ಕೇರಳದ ದಿನದ ವಿದ್ಯುತ್ ಬಳಕೆ 11 ಕೋಟಿ ಯೂನಿಟ್ ದಾಟಿದಾಗ ಗರಿಷ್ಠ ಬೇಡಿಕೆ ಕಾಣಿಸಿಕೊಂಡದ್ದು ರಾತ್ರಿಯ ಹೊತ್ತಿನಲ್ಲಿ. ಹಗಲೆಲ್ಲ ಕಾದ ತಾರಸಿ ಮತ್ತು ಪಶ್ಚಿಮದ ಗೋಡೆಗಳು ತಮ್ಮ ಶಾಖವನ್ನು ಒಳಗೆ ಬಿಡುವುದೂ ಅದೇ ಹೊತ್ತು. ದೇಶದ ಗ್ರಿಡ್ಡಿನ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋಗ್ರಾಂ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸೌರಶಕ್ತಿ ಇಲ್ಲದ ರಾತ್ರಿಯ ಬೇಡಿಕೆಯನ್ನು ತಗ್ಗಿಸುವ ಕೆಲಸವನ್ನು ಫಲಕಕ್ಕಿಂತ ಮಾಡಿನ ನಿರೋಧಕವೇ ಚೆನ್ನಾಗಿ ಮಾಡುತ್ತದೆ. ಆದ್ದರಿಂದಲೇ ಸಂಹಿತೆಗಳು ಹೊರಮೈಯ ಮಿತಿಗಳನ್ನು ಪ್ರತ್ಯೇಕವಾಗಿ ಇಟ್ಟಿರುವುದು. ಎಸಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ: ಹೊರಮೈ ಸರಿಯಿದ್ದರೆ ಒಂದೂವರೆ ಟನ್ನಿನ ಬದಲು ಒಂದು ಟನ್ ಸಾಕಾಗಬಹುದು, ಮತ್ತು ಒಳಗಿನ ಅನಿಲ ಯಾವುದೆಂದು ಕೇಳಿ ಕೊಳ್ಳಬೇಕು. ಆರ್-410ಎ ಸೋರಿದರೆ ಅದರ ತಾಪನ ಪರಿಣಾಮ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 2,000 ಪಟ್ಟಿಗೂ ಹೆಚ್ಚು. ಆರ್-32ರದ್ದು 675 ಪಟ್ಟು.

ಸಾಮಗ್ರಿಯೊಳಗಿನ ಇಂಗಾಲ

ಇಲ್ಲಿಯವರೆಗೆ ಹೇಳಿದ್ದು ಕಟ್ಟಡ ಬಳಕೆಯಲ್ಲಿರುವಾಗಿನ ಲೆಕ್ಕ. ಕಟ್ಟುವಾಗಲೇ ಹೊರಬಿದ್ದ ಇಂಗಾಲದ ಲೆಕ್ಕ ಹೊಸ ಸಂಹಿತೆಗಳ ಮುಂದಿನ ಮೆಟ್ಟಿಲು, ಡೆನ್ಮಾರ್ಕಿನಂತಹ ಕಡೆ ಅದು ಬಂದೇ ಬಿಟ್ಟಿದೆ. ಸಿಮೆಂಟಿನ ಸಮಸ್ಯೆ ಕುಲುಮೆಗೆ ಸುರಿಯುವ ಕಲ್ಲಿದ್ದಲಿನದ್ದು ಮಾತ್ರವಲ್ಲ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರ ರಾಸಾಯನಿಕ ರಚನೆಯೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ, ಯಾವ ಇಂಧನ ಬಳಸಿದರೂ ಅದನ್ನು ತಪ್ಪಿಸಲಾಗದು. 100 ಚದರ ಮೀಟರಿನ, 12.5 ಸೆಂಟಿಮೀಟರ್ ದಪ್ಪದ ಒಂದು ತಾರಸಿಗೆ ಬೇಕಾಗುವ ಕಾಂಕ್ರೀಟ್ 12.5 ಘನ ಮೀಟರ್. ಘನ ಮೀಟರಿಗೆ 350 ಕಿಲೋಗ್ರಾಂ ಸಿಮೆಂಟ್ ಎಂದರೆ 4.4 ಟನ್. ಅದು ಸಾದಾ ಸಿಮೆಂಟ್ ಆಗಿದ್ದರೆ ಸುಮಾರು 3.5 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ವರ್ಷಕ್ಕೆ 1,200 ಯೂನಿಟ್ ಎಳೆಯುವ ಒಂದು ಎಸಿ ನಾಲ್ಕು ವರ್ಷಗಳಲ್ಲಿ ಹೊರಸೂಸುವಷ್ಟನ್ನು ಒಂದು ತಾರಸಿ ಒಂದೇ ದಿನದ ಕಾಂಕ್ರೀಟಿನಲ್ಲಿ ಮುಗಿಸುತ್ತದೆ. ಕಬ್ಬಿಣದ ಲೆಕ್ಕ ಬೇರೆ.

ಇದನ್ನು ತಗ್ಗಿಸುವ ದಾರಿಗಳು ಹತ್ತಿರದಲ್ಲೇ ಇವೆ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಅರ್ಧದಷ್ಟು ಮಾತ್ರ ಕ್ಲಿಂಕರ್ (ಸುಣ್ಣದ ಕಲ್ಲನ್ನು ಸುಟ್ಟು ಪಡೆಯುವ ಗಟ್ಟಿ) ಇರುವ ಎಲ್‌ಸಿ3 ಎಂಬ ಹೊಸ ಬಗೆಗೆ 2023ರಲ್ಲಿ ಭಾರತೀಯ ಮಾನಕವೂ ಬಂದಿದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ಫಿಲ್ಲರ್ ತಾರಸಿಯಲ್ಲಿ, ಕಾಂಕ್ರೀಟ್ ಕೆಲಸ ಮಾಡದ ಕೆಳಭಾಗದಲ್ಲಿ ಹಳೆಯ ಮಂಗಳೂರು ಹಂಚುಗಳನ್ನು ಜೋಡಿಸಿ ಕಾಂಕ್ರೀಟನ್ನು ಉಳಿಸಲಾಗುತ್ತದೆ. ಹಳೆಯ ಮನೆ ಬಿಚ್ಚಿದಾಗ ಹಂಚು ಧಾರಾಳವಾಗಿ ಸಿಗುವ ನಮ್ಮ ಜಿಲ್ಲೆಯಲ್ಲಿ ಇದನ್ನು ಇಷ್ಟು ಕಡಿಮೆ ಮಂದಿ ಬಳಸುವುದು ಆಶ್ಚರ್ಯವೇ ಸರಿ.

ಗೋಡೆಯ ವಿಷಯದಲ್ಲಿ ಎರಡು ಲೆಕ್ಕಗಳು ಪರಸ್ಪರ ಎದುರಾಗುತ್ತವೆ. ಮುರಕಲ್ಲನ್ನು ಸುಡುವುದಿಲ್ಲ, ನೆಲದಿಂದ ಯಂತ್ರದಲ್ಲಿ ಕೊಯ್ದು ಲಾರಿಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಸಾಗಿಸುವುದಷ್ಟೇ. ಅದರೊಳಗಿನ ಇಂಗಾಲ ಅತ್ಯಲ್ಪ. ಎಎಸಿ ಬ್ಲಾಕಿಗೆ ಸಿಮೆಂಟು, ಸುಣ್ಣ, ಒತ್ತಡದ ಹಬೆ ಎಲ್ಲವೂ ಬೇಕು, ದೂರದಿಂದ ಬರಬೇಕು, ಆದರೆ ಶಾಖವನ್ನು ಅದು ಹೆಚ್ಚು ತಡೆಯುತ್ತದೆ. ಬಳಕೆಯ ಶಕ್ತಿಯನ್ನು ಮಾತ್ರ ನೋಡುವ ನಿಯಮ ಎಎಸಿಯನ್ನು ಮೆಚ್ಚುತ್ತದೆ, ಇಡೀ ಆಯುಷ್ಯದ ಇಂಗಾಲವನ್ನು ನೋಡುವ ನಿಯಮ ಮುರಕಲ್ಲಿನ ಕಡೆ ವಾಲಬಹುದು. ಮೇಲಿನ ಲೆಕ್ಕದಲ್ಲಿ ದಿಕ್ಕೂ ನೆರಳೂ ಸರಿಯಿದ್ದ ಕಟ್ಟಡ ಮುರಕಲ್ಲಿನಲ್ಲೇ ಪಾಸಾದದ್ದು ಈ ಕಾರಣಕ್ಕೆ ಬಹಳ ಮುಖ್ಯ: ಅಂತಹ ಕಟ್ಟಡಕ್ಕೆ ಯಾವ ನಿಯಮ ಬಂದರೂ ಆಯ್ಕೆಗಳು ಉಳಿದಿರುತ್ತವೆ. ಮುರಕಲ್ಲಿನ ಕೋರೆಗಳು ನಮ್ಮ ಗುಡ್ಡಗಳಿಗೂ ಅಂತರ್ಜಲಕ್ಕೂ ಮಾಡುವ ಗಾಯದ ಲೆಕ್ಕ ಇನ್ನೊಂದಿದೆ, ಅದನ್ನು ಇಂಗಾಲದ ತಕ್ಕಡಿಯಲ್ಲಿ ತೂಗಲಾಗದು.

ನಕ್ಷೆ ಮಾಡಿಸುವಾಗ

ಎಂಜಿನಿಯರರ ಬಳಿಗೆ ಹೋಗುವ ಮೊದಲ ದಿನವೇ ಕೇಳಬೇಕಾದದ್ದು ಎಷ್ಟು ಕೋಣೆ ಎಂಬುದರ ಜೊತೆಗೆ ಆರ್‌ಇಟಿವಿ ಎಷ್ಟು ಬರುತ್ತದೆ ಎಂಬುದನ್ನು. ಮೂರು ಬೇರೆ ಬೇರೆ ಕರಡುಗಳಿಗೆ ಆ ಸಂಖ್ಯೆಯನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಕಂಡುಹಿಡಿಯಲು ಅರ್ಧ ದಿನ ಸಾಕು. ಈ ಹಂತದಲ್ಲಿ ಗೋಡೆಯನ್ನು ಸರಿಸುವುದಕ್ಕೆ ಆಗುವ ಖರ್ಚು ಒಂದು ಗೆರೆ ಅಳಿಸಿ ಇನ್ನೊಂದು ಎಳೆಯುವಷ್ಟೇ. ಹೆದ್ದಾರಿ ಬದಿಯ ಕಿರಿದಾದ ನಿವೇಶನದಲ್ಲಿ ದಿಕ್ಕು ಬದಲಿಸಲು ಜಾಗವಿಲ್ಲದಿದ್ದರೆ ರಸ್ತೆಯ ಕಡೆಗಿನ ಗಾಜನ್ನು ನೆಲ ಅಂತಸ್ತಿನ ಅಂಗಡಿಗಳಿಗೆ ಸೀಮಿತಗೊಳಿಸಿ, ಅದರ ಮುಂದೆ ಎರಡು ಮೀಟರಿನ ವರಾಂಡವನ್ನು ಬಿಟ್ಟು, ಮೇಲಿನ ಅಂತಸ್ತುಗಳಿಗೆ ಲಂಬ ತಡೆಗಳನ್ನು ಕೊಡುವುದು ಒಂದು ದಾರಿ. ಮಳೆಯಲ್ಲಿ ಗಿರಾಕಿ ಕೊಡೆ ಮಡಚಲು ನಿಲ್ಲುವ ಜಾಗವೂ ಅದೇ ವರಾಂಡವಾಗುವುದರಿಂದ ಅಂಗಡಿಯವರು ಇದಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಇಂದೇ ಹಾಕಲಾಗದ್ದಕ್ಕೆ ಜಾಗವನ್ನಾದರೂ ಬಿಟ್ಟಿರಬೇಕು. ಮಾಡಿನ ವಿನ್ಯಾಸದಲ್ಲಿ ಸೌರ ಫಲಕದ ತೂಕ ಮತ್ತು ಗಾಳಿಯ ಎಳೆತವನ್ನು ಸೇರಿಸುವುದು, ತಾರಸಿಯಿಂದ ಮೀಟರಿನವರೆಗೆ ಖಾಲಿ ಕೊಳವೆಯೊಂದನ್ನು ಇಳಿಸಿಡುವುದು, ವಾಹನ ನಿಲ್ಲುವಲ್ಲಿಗೆ ಚಾರ್ಜಿಂಗಿಗೆ ಬೇಕಾದ ದಪ್ಪದ ತಂತಿಗೆ ದಾರಿ ಬಿಡುವುದು, ಎಸಿಯ ಹೊರಘಟಕಕ್ಕೆ ನೆರಳಿನಲ್ಲಿ ಗಾಳಿಯಾಡುವ ಜಾಗ ಗುರುತಿಸುವುದು, ಇವೆಲ್ಲ ಕಟ್ಟುವಾಗ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುವ ಕೆಲಸಗಳು. ವಾಣಿಜ್ಯ ಕಟ್ಟಡದಲ್ಲಿ ಎಸಿ, ದೀಪ, ಲಿಫ್ಟ್, ನೀರಿನ ಪಂಪುಗಳಿಗೆ ಬೇರೆ ಬೇರೆ ಉಪಮೀಟರ್ ಇಡುವುದು ಇನ್ನೂ ಮುಖ್ಯ, ಏಕೆಂದರೆ ಅನುಸರಣೆಯ ಪ್ರಶ್ನೆ ಪ್ರಮಾಣಪತ್ರ ಸಿಕ್ಕ ದಿನಕ್ಕೇ ಮುಗಿಯುವುದಿಲ್ಲ. ಕಟ್ಟಡ ಒಂದು ವರ್ಷದಲ್ಲಿ ಬಳಸಿದ ಒಟ್ಟು ಯೂನಿಟ್‌ಗಳನ್ನು ಅದರ ಚದರ ಮೀಟರ್‌ಗಳಿಂದ ಭಾಗಿಸಿದರೆ ಸಿಗುವ ಸಂಖ್ಯೆಯನ್ನು ಶಕ್ತಿ ಸಾಧನೆಯ ಸೂಚ್ಯಂಕ ಎನ್ನುತ್ತಾರೆ. ಇಸಿಬಿಸಿಯಲ್ಲಿ ಕಟ್ಟಡದ ದರ್ಜೆ ನಿರ್ಧಾರವಾಗುವುದು ಮಾದರಿ ಕಟ್ಟಡದ ಸೂಚ್ಯಂಕಕ್ಕೆ ಇದನ್ನು ಹೋಲಿಸಿ. ಮೊದಲ ಬೇಸಿಗೆ ಮತ್ತು ಮೊದಲ ಮಳೆಗಾಲ ಎರಡೂ ಕಳೆದ ಮೇಲೆ, ಹನ್ನೆರಡು ಬಿಲ್ಲುಗಳನ್ನು ಮುಂದಿಟ್ಟುಕೊಂಡು ನಕ್ಷೆಯ ಲೆಕ್ಕದೊಂದಿಗೆ ಹೋಲಿಸಿದಾಗ ಸಂಖ್ಯೆಗಳು ಬಹಳ ದೂರವಿದ್ದರೆ, ಎಲ್ಲಿ ಸೋರುತ್ತಿದೆ ಎಂಬುದನ್ನು ಆ ಉಪಮೀಟರುಗಳಿಂದಲೇ ಹುಡುಕಬೇಕಾಗುತ್ತದೆ.